ಓದುಗರ ಪ್ರಶ್ನೆಗಳಿಗೆ ಉತ್ತರ: ನೂರು ಜನರ ಕೆಲಸ ಮಾಡಿದ ಕೋವಿ

ಹಿಂದಿನ ಸಂಚಿಕೆಯಲ್ಲಿ ಮೊದಲನೆಯ ಮಹಾಯುದ್ಧದ ಸೊಮ್ ಕದನವನ್ನು ಕುರಿತ ಒಂದು ಪುಟದ ಟಿಪ್ಪಣಿ ಪ್ರಕಟವಾಗಿತ್ತು. 1916ರ ಜುಲೈ 1ರ ಒಂದೇ ದಿನದಲ್ಲಿ ಬ್ರಿಟಿಷ್ ಸೈನ್ಯದ 57,470 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು ಎಂದೂ, ಆ ಮಹಾಯುದ್ಧದಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಮಷಿನ್‌ಗನ್ ಎಂದೂ ಅದರಲ್ಲಿ ನಾನು ಬರೆದಿದ್ದೆ. ಅದನ್ನು ಓದಿದ ಹಲವರು ಆ ಆಯುಧದ ಹುಟ್ಟು, ರಚನೆ ಮತ್ತು ಬಳಕೆಯನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಒಬ್ಬರು ನನ್ನ ತಪ್ಪನ್ನೂ ತೋರಿಸಿಕೊಟ್ಟಿದ್ದಾರೆ. ಈ ಸಲದ ಅಂಕಣ ಪೂರ್ತಿಯಾಗಿ ಅವರೆಲ್ಲರಿಗೆ ಮೀಸಲು.

ಪ್ರಶ್ನೆ: ಮಷಿನ್‌ಗನ್ನನ್ನು ಕಂಡುಹಿಡಿದವರು ಯಾರು? ಕೆಲವು ಪುಸ್ತಕಗಳಲ್ಲಿ ಗ್ಯಾಟ್ಲಿಂಗ್ ಎಂದೂ ಇನ್ನು ಕೆಲವುಗಳಲ್ಲಿ ಮ್ಯಾಕ್ಸಿಮ್ ಎಂದೂ ಇದೆ.

ಉತ್ತರ: ಬೇಗಬೇಗನೆ ಗುಂಡು ಹಾರಿಸುವ ಕೋವಿ ಬೇಕೆಂಬ ಆಸೆ ಇವರಿಬ್ಬರಿಗಿಂತ ಹಳೆಯದು. ಲಂಡನ್ನಿನ ವಕೀಲರಾದ ಜೇಮ್ಸ್ ಪಕಲ್ 1718ರಲ್ಲಿಯೇ ಮುಕ್ಕಾಲಿಯ ಮೇಲೆ ನಿಲ್ಲಿಸುವ, ತಿರುಗುವ ಉರುಳೆಯಲ್ಲಿ ಮದ್ದುಗುಂಡು ತುಂಬಿಡುವ ಕೋವಿಯೊಂದಕ್ಕೆ ಪೇಟೆಂಟ್ ಪಡೆದಿದ್ದರು. 1722ರಲ್ಲಿ ನಡೆದ ಪ್ರದರ್ಶನದಲ್ಲಿ, ಮಳೆ ಸುರಿಯುತ್ತಿದ್ದರೂ, ಅದು ಏಳು ನಿಮಿಷಗಳಲ್ಲಿ 63 ಗುಂಡು ಹಾರಿಸಿತು. ಕ್ರೈಸ್ತ ಶತ್ರುಗಳ ಮೇಲೆ ದುಂಡನೆಯ ಗುಂಡನ್ನೂ ತುರ್ಕರ ಮೇಲೆ ಹೆಚ್ಚು ನೋವುಂಟುಮಾಡುವ ಚೌಕಾಕಾರದ ಗುಂಡನ್ನೂ ಬಳಸಬೇಕೆಂಬ ಸೂಚನೆ ಆ ಪೇಟೆಂಟಿನಲ್ಲಿಯೇ ಇತ್ತೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಯಾರ ಮೇಲೆ ಎಂಥ ಕ್ರೌರ್ಯ ಸಲ್ಲುತ್ತದೆ ಎಂಬ ಲೆಕ್ಕಾಚಾರ ಈ ಆಯುಧದ ಕಥೆಯಲ್ಲಿ ಮೊದಲ ಪುಟದಿಂದಲೂ ಇದೆ.

ಅಮೆರಿಕದ ರಿಚರ್ಡ್ ಗ್ಯಾಟ್ಲಿಂಗ್ 1862ರ ನವೆಂಬರ್ 4ರಂದು ಪೇಟೆಂಟ್ ಪಡೆದ ಕೋವಿಯಲ್ಲಿ ಆರು ನಳಿಗೆಗಳು ಒಂದು ಅಚ್ಚಿನ ಸುತ್ತ ಜೋಡಣೆಯಾಗಿದ್ದವು. ಹಿಂಬದಿಯ ಹಿಡಿಕೆಯನ್ನು ಕೈಯಿಂದ ತಿರುವುತ್ತಿದ್ದಂತೆ ನಳಿಗೆಗಳೂ ಸುತ್ತುತ್ತಿದ್ದವು. ಒಂದೊಂದು ನಳಿಗೆಯೂ ತನ್ನ ಸರದಿಯಲ್ಲಿ ತೋಟಾವನ್ನು ತೆಗೆದುಕೊಂಡು, ಸಿಡಿಸಿ, ಖಾಲಿ ಕವಚವನ್ನು ಹೊರಹಾಕಿ, ಮುಂದಿನ ಸರದಿ ಬರುವಷ್ಟರಲ್ಲಿ ಸ್ವಲ್ಪ ಆರಿಕೊಳ್ಳುತ್ತಿತ್ತು. ಮೊದಲ ಮಾದರಿಯೇ ನಿಮಿಷಕ್ಕೆ ಸುಮಾರು 200 ಗುಂಡು ಹಾರಿಸಬಲ್ಲುದಾಗಿತ್ತು. ಆದರೆ ಅದನ್ನು ನಡೆಸುತ್ತಿದ್ದ ಶಕ್ತಿ ಮನುಷ್ಯನ ತೋಳು.

ಆ ತೋಳನ್ನು ತೆಗೆದುಹಾಕಿದವರು ಹೈರಮ್ ಮ್ಯಾಕ್ಸಿಮ್. ಅಮೆರಿಕದಲ್ಲಿ ಹುಟ್ಟಿ, ವಿದ್ಯುದ್ದೀಪಗಳ ಉದ್ಯಮದಲ್ಲಿ ಹೆಸರು ಮಾಡಿ, ಬಳಿಕ ಲಂಡನ್ನಿಗೆ ಬಂದು ನೆಲೆಸಿದ ಅವರು ಹ್ಯಾಟನ್ ಗಾರ್ಡನ್ ಬೀದಿಯ ಒಂದು ಕಾರ್ಯಾಗಾರದಲ್ಲಿ 1884ರ ಹೊತ್ತಿಗೆ ತಮ್ಮ ಕೋವಿಯನ್ನು ಸಿದ್ಧಪಡಿಸಿದರು. ಟ್ರಿಗರ್ ಒತ್ತಿಹಿಡಿದಷ್ಟು ಹೊತ್ತು, ತೋಟಾ ಇರುವ ತನಕ, ತನ್ನ ಶಕ್ತಿಯಿಂದ ತಾನೇ ನಡೆಯುವುದನ್ನು ಮಾತ್ರ ಮಷಿನ್‌ಗನ್ ಎನ್ನಬೇಕೆಂದಾದರೆ ಆ ಕೀರ್ತಿ ಮ್ಯಾಕ್ಸಿಮ್‌ಗೆ ಸಲ್ಲುತ್ತದೆ. ನನ್ನ ಒಲವು ಈ ಪಕ್ಷಕ್ಕೇ.

ಪ್ರಶ್ನೆ: ಯುದ್ಧದಲ್ಲಿ ಸಾಯುವವರ ಸಂಖ್ಯೆ ಕಡಿಮೆಯಾಗಲೆಂದೇ ಗ್ಯಾಟ್ಲಿಂಗ್ ತಮ್ಮ ಕೋವಿಯನ್ನು ರೂಪಿಸಿದರೆಂದು ಕೇಳಿದ್ದೇನೆ. ಇದು ನಂಬುವ ಮಾತೇ?

ಉತ್ತರ: ಅವರು ಹಾಗೆ ಬರೆದದ್ದು ನಿಜ. 1877ರಲ್ಲಿ ಪರಿಚಿತರೊಬ್ಬರಿಗೆ ಬರೆದ ಪತ್ರದಲ್ಲಿ, ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಸೈನಿಕರು ರಣರಂಗಕ್ಕೆ ಹೊರಡುವುದನ್ನೂ ಗಾಯಾಳುಗಳು, ರೋಗಿಗಳು ಮತ್ತು ಶವಗಳು ಹಿಂದಿರುಗುವುದನ್ನೂ ತಾವು ದಿನವೂ ನೋಡುತ್ತಿದ್ದುದಾಗಿಯೂ, ಸತ್ತವರಲ್ಲಿ ಹೆಚ್ಚಿನವರು ಗುಂಡಿನಿಂದಲ್ಲ, ರೋಗದಿಂದ ಸತ್ತಿದ್ದರೆಂದೂ ಅವರು ಹೇಳಿಕೊಂಡಿದ್ದಾರೆ. ಒಬ್ಬ ಸೈನಿಕ ನೂರು ಜನರ ಕೆಲಸವನ್ನು ಮಾಡುವಂಥ ಕೋವಿಯೊಂದು ಇದ್ದರೆ ದೊಡ್ಡ ಸೈನ್ಯಗಳೇ ಬೇಕಾಗುವುದಿಲ್ಲ, ಆಗ ಯುದ್ಧಕ್ಕೂ ರೋಗಕ್ಕೂ ಸಿಲುಕುವವರು ಕಡಿಮೆಯಾಗುತ್ತಾರೆ ಎಂಬುದು ಅವರ ತರ್ಕ. ಗ್ಯಾಟ್ಲಿಂಗ್ ವೈದ್ಯಕೀಯ ಓದಿದ್ದವರು, ಆದರೆ ವೃತ್ತಿ ನಡೆಸಿದವರಲ್ಲ. ಕೋವಿಗೆ ಕೈಹಾಕುವ ಮೊದಲು ಬಿತ್ತನೆಯ ಯಂತ್ರಗಳನ್ನು ರೂಪಿಸಿದ್ದರು. ರೋಗದ ಬಗ್ಗೆ ಅವರು ಹೇಳಿದ್ದು ಸತ್ಯವೂ ಹೌದು, ಏಕೆಂದರೆ ಆ ಯುದ್ಧದ ಸಾವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರೋಗದಿಂದಾದವು.

ಪತ್ರ ಬರೆದದ್ದು ಕೋವಿ ಮಾರುಕಟ್ಟೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಎಂಬುದನ್ನು ಗಮನಿಸಬೇಕು. ಹಾಗೆಂದು ಅದನ್ನು ಬರೀ ನೆಪವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಿತ್ತನೆಯ ಯಂತ್ರ ಮಾಡಿದವರಿಗೆ ಈ ತರ್ಕ ಸಹಜವಾಗಿಯೇ ಹೊಳೆದಿರಬೇಕು. ಹೊಲದ ಅಳತೆ ಗೊತ್ತಿರುತ್ತದೆ. ಯಂತ್ರ ಬಂದರೆ ಅಷ್ಟೇ ಹೊಲಕ್ಕೆ ಕಡಿಮೆ ಆಳು ಸಾಕು. ಯುದ್ಧಕ್ಕೆ ಅಂಥ ಎಲ್ಲೆಕಟ್ಟು ಇಲ್ಲ. ಒಬ್ಬ ನೂರು ಜನರ ಕೆಲಸ ಮಾಡಬಲ್ಲನೆಂದಾದಾಗ ಎದುರಾಳಿಯೂ ಅಂಥವನನ್ನು ತಂದು ನಿಲ್ಲಿಸುತ್ತಾನೆ, ಮತ್ತು ಉಳಿದ ತೊಂಬತ್ತೊಂಬತ್ತು ಮಂದಿಯನ್ನು ಯಾರೂ ಮನೆಗೆ ಕಳುಹಿಸುವುದಿಲ್ಲ. 1914ರಲ್ಲಿ ಯೂರೋಪಿನ ರಾಷ್ಟ್ರಗಳು ಲಕ್ಷಗಳಲ್ಲಿ ಮಷಿನ್‌ಗನ್ನಿನ ಎದುರಿಗೆ ಕಳುಹಿಸಿದ್ದು ಈ ತೊಂಬತ್ತೊಂಬತ್ತು ಮಂದಿಯನ್ನೇ.

ಪ್ರಶ್ನೆ: ಮ್ಯಾಕ್ಸಿಮ್ ಕೋವಿ ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತು ಎಂದರೆ ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತಿತ್ತು? ಅದರ ನಳಿಗೆ ಅಷ್ಟು ದಪ್ಪವಾಗಿ ಕಾಣುವುದೇಕೆ?

ಉತ್ತರ: ಬಂದೂಕು ಹಾರಿಸಿದವರಿಗೆಲ್ಲ ಭುಜಕ್ಕೆ ಬೀಳುವ ಒದೆತದ ಅನುಭವವಿರುತ್ತದೆ. ಶತಮಾನಗಳಿಂದ ಅದನ್ನು ಒಂದು ಕಿರುಕುಳವೆಂದಷ್ಟೇ ತಿಳಿಯಲಾಗಿತ್ತು. ಮ್ಯಾಕ್ಸಿಮ್ ಅದನ್ನು ವ್ಯರ್ಥವಾಗುತ್ತಿರುವ ಶಕ್ತಿಯೆಂದು ಕಂಡರು. ಅವರ ಕೋವಿಯಲ್ಲಿ ಗುಂಡು ಸಿಡಿದೊಡನೆ ನಳಿಗೆಯೂ ಅದರ ಹಿಂಬದಿಯನ್ನು ಮುಚ್ಚಿರುವ ಬೀಗವೂ ಒಂದಕ್ಕೊಂದು ಕಚ್ಚಿಕೊಂಡೇ ಸ್ವಲ್ಪ ದೂರ ಹಿಂದಕ್ಕೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ನಳಿಗೆಯಿಂದ ಹೊರಬಿದ್ದು ಒಳಗಿನ ಒತ್ತಡ ಇಳಿದಿರುತ್ತದೆ. ಆಗ ಮನುಷ್ಯನ ಮೊಣಕಾಲಿನಂತೆ ಮಡಚಿಕೊಳ್ಳುವ ಒಂದು ಕೀಲು ಬೀಗವನ್ನು ಬಿಡಿಸುತ್ತದೆ. ಬೀಗ ಇನ್ನೂ ಹಿಂದಕ್ಕೆ ಹೋಗಿ ಖಾಲಿ ಕವಚವನ್ನು ಎಳೆದುಹಾಕುತ್ತದೆ, ಬಟ್ಟೆಯ ಪಟ್ಟಿಯಿಂದ ಹೊಸ ತೋಟಾವನ್ನು ಕಿತ್ತುಕೊಳ್ಳುತ್ತದೆ, ಮತ್ತು ಹಿಗ್ಗಿದ ಸ್ಪ್ರಿಂಗ್ ಎಲ್ಲವನ್ನೂ ಮುಂದಕ್ಕೆ ಎಳೆದು ಮೊದಲಿನ ಸ್ಥಿತಿಗೆ ತರುತ್ತದೆ. ಇಷ್ಟೆಲ್ಲ ಒಂದು ಸೆಕೆಂಡಿನಲ್ಲಿ ಹತ್ತು ಬಾರಿ, ಅಂದರೆ ನಿಮಿಷಕ್ಕೆ 600ರ ಹತ್ತಿರ ನಡೆಯುತ್ತದೆ. ಒಂದು ಪಟ್ಟಿಯಲ್ಲಿ 250 ತೋಟಾಗಳಿರುತ್ತಿದ್ದವು.

ದಪ್ಪವಾಗಿ ಕಾಣುವುದು ನಳಿಗೆಯಲ್ಲ, ಅದರ ಸುತ್ತಲಿನ ನೀರಿನ ಕೊಳವೆ. ಎಡೆಬಿಡದೆ ಗುಂಡು ಹಾರಿದರೆ ಉಕ್ಕು ಕಾದು ನಳಿಗೆ ಬೇಗನೆ ಕೆಡುತ್ತದೆ. ಮ್ಯಾಕ್ಸಿಮ್ ಕೋವಿಯ ಬ್ರಿಟಿಷ್ ಸಂತತಿಯಾದ ವಿಕರ್ಸ್ ಕೋವಿಯ ಕೊಳವೆಯಲ್ಲಿ ಸುಮಾರು 4 ಲೀಟರ್ ನೀರು ಹಿಡಿಸುತ್ತಿತ್ತು, ಮತ್ತು ಸತತವಾಗಿ ಹಾರಿಸಿದರೆ ಮೂರು ನಿಮಿಷಗಳ ಹೊತ್ತಿಗೆ ಅದು ಕುದಿಯಲು ತೊಡಗುತ್ತಿತ್ತು. ಆವಿ ಕಂಡರೆ ಶತ್ರುವಿಗೆ ಕೋವಿಯ ಜಾಗ ಗೊತ್ತಾಗುತ್ತದೆಂದು ರಬ್ಬರ್ ಕೊಳವೆಯ ಮೂಲಕ ಅದನ್ನು ಒಂದು ಡಬ್ಬಿಗೆ ಹಾಯಿಸಿ, ತಣಿದ ನೀರನ್ನು ಮತ್ತೆ ಕೋವಿಗೇ ಸುರಿಯುತ್ತಿದ್ದರು.

ಇದರ ಯಶಸ್ಸಿಗೆ ಇನ್ನೊಬ್ಬರೂ ಕಾರಣರು. ಫ್ರಾನ್ಸಿನ ರಸಾಯನ ವಿಜ್ಞಾನಿ ಪೌಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ತಯಾರಿಸಿದರು. ಅದಕ್ಕೆ ಮುಂಚಿನ ಕರಿಮದ್ದು ಅರೆಕ್ಷಣದಲ್ಲಿ ದಟ್ಟ ಹೊಗೆಯೆಬ್ಬಿಸಿ ಗುರಿಯನ್ನೇ ಮರೆಮಾಡುತ್ತಿತ್ತು, ಮಸಿಯಿಂದ ಯಂತ್ರವನ್ನು ಕಟ್ಟಿಹಾಕುತ್ತಿತ್ತು. ಹೊಸ ಮದ್ದು ಬಾರದಿದ್ದರೆ ಮ್ಯಾಕ್ಸಿಮ್ ಕೋವಿ ತನ್ನದೇ ಹೊಗೆಯಲ್ಲಿ ಕುರುಡಾಗುತ್ತಿತ್ತು.

ಪ್ರಶ್ನೆ: ಇಂಥ ಕೋವಿಗಳು 1860ರ ದಶಕದಿಂದಲೇ ಇದ್ದರೂ ಸೈನ್ಯಗಳು ಬಹುಕಾಲ ಅವುಗಳನ್ನು ಕಡೆಗಣಿಸಿದ್ದೇಕೆ?

ಉತ್ತರ: ಅದನ್ನು ಫಿರಂಗಿಯ ಸಾಲಿಗೆ ಸೇರಿಸಬೇಕೋ ಬಂದೂಕಿನ ಸಾಲಿಗೆ ಸೇರಿಸಬೇಕೋ ಎಂಬುದೇ ತಿಳಿದಿರಲಿಲ್ಲ. ಫ್ರೆಂಚರು 25 ನಳಿಗೆಗಳ ಮಿತ್ರಯ್ಯೂಜ್ ಎಂಬ ಕೋವಿಯನ್ನು ಬಹಳ ಗುಟ್ಟಾಗಿ ತಯಾರಿಸಿಟ್ಟುಕೊಂಡಿದ್ದರು. ಗುಟ್ಟು ಎಷ್ಟು ಬಿಗಿಯಾಗಿತ್ತೆಂದರೆ ಅದನ್ನು ಬಳಸಬೇಕಾದ ಸೈನಿಕರಿಗೂ ಸರಿಯಾದ ತರಬೇತಿ ಸಿಕ್ಕಿರಲಿಲ್ಲ. 1870ರಲ್ಲಿ ಪ್ರಷ್ಯದೊಡನೆ ಯುದ್ಧ ಬಂದಾಗ ಚಕ್ರಗಳ ಮೇಲೆ ಕೂರಿಸಿದ ಅದನ್ನು ಫಿರಂಗಿಗಳ ಜೊತೆಗೆ ದೂರದಲ್ಲಿ ನಿಲ್ಲಿಸಿದರು. ಅದಕ್ಕಿಂತ ದೂರಕ್ಕೆ ಶೆಲ್ ಎಸೆಯಬಲ್ಲ ಪ್ರಷ್ಯದ ಫಿರಂಗಿಗಳು ಅದನ್ನು ಸುಲಭವಾಗಿ ಒಡೆದುಹಾಕಿದವು. ಅಮೆರಿಕದಲ್ಲಿ 1876ರಲ್ಲಿ ಜಾರ್ಜ್ ಕಸ್ಟರ್ ತಮಗೆ ಕೊಡಬಂದ ಗ್ಯಾಟ್ಲಿಂಗ್ ಕೋವಿಗಳು ತಮ್ಮ ಅಶ್ವದಳದ ವೇಗವನ್ನು ತಗ್ಗಿಸುತ್ತವೆಂದು ಅವನ್ನು ಬಿಟ್ಟುಹೋದರು, ಮತ್ತು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಅಮೆರಿಕದ ಮೂಲನಿವಾಸಿಗಳೊಡನೆ ನಡೆದ ಕದನದಲ್ಲಿ ತಮ್ಮ ತುಕಡಿಯೊಂದಿಗೆ ಹತರಾದರು. ಆ ಗುಡ್ಡಗಾಡಿನಲ್ಲಿ ಅವುಗಳನ್ನು ಎಳೆದುಕೊಂಡು ಹೋಗಿದ್ದರೂ ಫಲಿತಾಂಶ ಬದಲಾಗುತ್ತಿತ್ತೆಂದು ಹೇಳುವಂತಿಲ್ಲ.

ಪ್ರಶ್ನೆ: ಯೂರೋಪಿನವರು ಆಫ್ರಿಕ ಮತ್ತು ಏಷ್ಯಗಳನ್ನು ಗೆದ್ದದ್ದು ಮಷಿನ್‌ಗನ್ನಿನ ಬಲದಿಂದಲೇ? ಜಲಿಯನ್‌ವಾಲಾ ಬಾಗಿನಲ್ಲಿಯೂ ಅದನ್ನು ಬಳಸಿದರೆಂದು ಕೆಲವರು ಹೇಳುತ್ತಾರೆ.

ಉತ್ತರ: ವಸಾಹತುಗಳಲ್ಲಿ ಬಹುಪಾಲು ಮ್ಯಾಕ್ಸಿಮ್ ಕೋವಿ ಹುಟ್ಟುವ ಮೊದಲೇ ವಶವಾಗಿದ್ದವು. ಆದರೆ ಆಫ್ರಿಕವನ್ನು ಹಂಚಿಕೊಂಡ ಕೊನೆಯ ದಶಕಗಳಲ್ಲಿ ಅದು ಮಾಡಿದ ಕೆಲಸ ಸಣ್ಣದಲ್ಲ. 1898ರ ಸೆಪ್ಟೆಂಬರ್ 2ರಂದು ಸೂಡಾನಿನ ಓಮ್ದುರ್ಮಾನ್ ಬಳಿ ಕಿಚನರ್ ನಾಯಕತ್ವದ ಬ್ರಿಟಿಷ್ ಮತ್ತು ಈಜಿಪ್ಟ್ ಪಡೆಗಳ ಎದುರು ಬಯಲಿನಲ್ಲಿ ನುಗ್ಗಿಬಂದ, ಮಹದಿ ಎಂಬ ಸೂಡಾನಿನ ಧಾರ್ಮಿಕ ನಾಯಕನ ಅನುಯಾಯಿಗಳಲ್ಲಿ ಒಂದೇ ಬೆಳಗಿನಲ್ಲಿ 10,000ಕ್ಕೂ ಹೆಚ್ಚು ಮಂದಿ ಸತ್ತರು. ಕಿಚನರ್ ಪಡೆಯಲ್ಲಿ ಸತ್ತವರು ಐವತ್ತರ ಆಸುಪಾಸಿನವರು. ಫಿರಂಗಿಗಳೂ ಹೊಸ ಬಂದೂಕುಗಳೂ ಈ ಸಾವುಗಳಲ್ಲಿ ದೊಡ್ಡ ಪಾಲು ಪಡೆದಿವೆ, ಎಲ್ಲವನ್ನೂ ಮ್ಯಾಕ್ಸಿಮ್ ಲೆಕ್ಕಕ್ಕೆ ಬರೆಯಬಾರದು.

ನನ್ನನ್ನು ಹೆಚ್ಚು ಕಾಡುವುದು 1904ರ ಮಾರ್ಚ್ 31ರ ಟಿಬೆಟ್ಟಿನ ಘಟನೆ. ಬ್ರಿಟಿಷ್ ಭಾರತದಿಂದ ಟಿಬೆಟ್ಟಿಗೆ ಹೊರಟ ಯಂಗ್‌ಹಸ್ಬೆಂಡ್ ದಂಡಯಾತ್ರೆಯ ಪಡೆ ಗುರು ಎಂಬ ಹಳ್ಳಿಯ ಬಳಿ ಒಂದು ಕಲ್ಲಿನ ಗೋಡೆಯ ಹಿಂದೆ ನಿಂತಿದ್ದ ಟಿಬೆಟನ್ನರನ್ನು ಸುತ್ತುವರಿಯಿತು. ಅವರ ಕೈಯಲ್ಲಿದ್ದುದು ಬತ್ತಿ ಹೊತ್ತಿಸಿ ಹಾರಿಸುವ ಹಳೆಯ ಕೋವಿಗಳು ಮತ್ತು ಕತ್ತಿಗಳು. ಆಯುಧಗಳನ್ನು ಕಿತ್ತುಕೊಳ್ಳುವಾಗ ನಡೆದ ತಳ್ಳಾಟದಲ್ಲಿ ಗುಂಡು ಹಾರಿತು, ಮತ್ತು ಕೆಲವೇ ನಿಮಿಷಗಳಲ್ಲಿ 500ರಿಂದ 700 ಟಿಬೆಟನ್ನರು ಸತ್ತರು. ಉಳಿದವರು ಓಡಲಿಲ್ಲ, ಬೆನ್ನು ತಿರುಗಿಸಿ, ತಲೆ ತಗ್ಗಿಸಿ, ನಿಧಾನವಾಗಿ ನಡೆದುಹೋದರು, ಗುಂಡುಗಳು ಅವರ ಬೆನ್ನಿಗೆ ಬೀಳುತ್ತಲೇ ಇದ್ದವು. ಮ್ಯಾಕ್ಸಿಮ್ ತುಕಡಿಯ ಅಧಿಕಾರಿಯಾಗಿದ್ದ ಲೆಫ್ಟಿನೆಂಟ್ ಹ್ಯಾಡೊ, ಆ ಕೊಲೆಯಿಂದ ಹೇಸಿಗೆ ಹುಟ್ಟಿ ಅಪ್ಪಣೆ ಇದ್ದರೂ ತಾನು ಗುಂಡು ಹಾರಿಸುವುದನ್ನು ನಿಲ್ಲಿಸಿದೆನೆಂದು ತಾಯಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಮಷಿನ್‌ಗನ್ನಿನ ಹಿಂದೆ ಕುಳಿತವನ ಮನಸ್ಸನ್ನು ಕುರಿತು ಇಷ್ಟು ನೇರವಾದ ಇನ್ನೊಂದು ಸಾಕ್ಷ್ಯವನ್ನು ನಾನು ಓದಿಲ್ಲ.

ಜಲಿಯನ್‌ವಾಲಾ ಬಾಗಿನಲ್ಲಿ, 1919ರ ಏಪ್ರಿಲ್ 13ರಂದು, ಗುಂಡು ಹಾರಿಸಿದ್ದು ಬಂದೂಕುಗಳಿಂದ, 1,650 ಸುತ್ತು. ಮಷಿನ್‌ಗನ್ ಹೊತ್ತ ಎರಡು ಕವಚದ ಮೋಟಾರುಗಳನ್ನು ಡಯರ್ ಜೊತೆಯಲ್ಲಿಯೇ ತಂದಿದ್ದರು; ಓಣಿ ಕಿರಿದಾಗಿದ್ದುದರಿಂದ ಅವು ಒಳಗೆ ಹೋಗಲಾಗದೆ ಹೊರಗೆ ಉಳಿದವು. ಅವು ಒಳಗೆ ಬರುವಂತಿದ್ದರೆ ಬಹುಶಃ ಬಳಸುತ್ತಿದ್ದೆನೆಂದು ಡಯರ್ ಆ ಘಟನೆಯ ತನಿಖೆ ನಡೆಸಿದ ಹಂಟರ್ ಸಮಿತಿಯ ಮುಂದೆ ಒಪ್ಪಿಕೊಂಡರು.

ಪ್ರಶ್ನೆ: ತಾವು ಸೊಮ್ ಟಿಪ್ಪಣಿಯಲ್ಲಿ ಬರೆದ ಒಂದು ವಾಕ್ಯ ತಪ್ಪು. ಮೊದಲನೆಯ ಮಹಾಯುದ್ಧದಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಫಿರಂಗಿ, ಮಷಿನ್‌ಗನ್ ಅಲ್ಲ. ಹಾಗಿದ್ದ ಮೇಲೆ ಅದಕ್ಕೆ ಇಷ್ಟು ಮಹತ್ವ ಕೊಡುವುದು ಸರಿಯೇ?

ಉತ್ತರ: ಸೈನ್ಯದಲ್ಲಿ ಸೇವೆ ಸಲ್ಲಿಸಿದವರೊಬ್ಬರು ಬರೆದ ಈ ಪತ್ರಕ್ಕೆ ನಾನು ಋಣಿ. ತಪ್ಪು ನನ್ನದು. ಆ ಯುದ್ಧದ ಒಟ್ಟು ಸಾವುನೋವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಫಿರಂಗಿ ಶೆಲ್ಲುಗಳಿಂದ ಆದವು. ಆದರೂ ಮಷಿನ್‌ಗನ್ನಿನ ಮಹತ್ವವನ್ನು ಅದು ಕೊಂದವರ ಸಂಖ್ಯೆಯಿಂದಷ್ಟೇ ಅಳೆಯಲಾಗದು. ಅದು ಏನನ್ನು ಅಸಾಧ್ಯಗೊಳಿಸಿತು ಎಂಬುದರಿಂದ ಅಳೆಯಬೇಕು. ಹಗಲಿನಲ್ಲಿ, ಬಯಲಿನಲ್ಲಿ, ಎದ್ದುನಿಂತು ಶತ್ರುವಿನ ಕಡೆಗೆ ನಡೆಯುವ ಕ್ರಿಯೆಯನ್ನೇ, ಅಂದರೆ ಅಲ್ಲಿಯವರೆಗೆ ಯುದ್ಧವೆಂದರೆ ಯಾವುದಾಗಿತ್ತೋ ಅದನ್ನೇ, ಅದು ಅಸಾಧ್ಯಗೊಳಿಸಿತು. ಮಷಿನ್‌ಗನ್ನಿನ ಭಯಕ್ಕೆ ಸೈನಿಕ ನೆಲದೊಳಗೆ ಇಳಿದ, ನೆಲದೊಳಗಿದ್ದವನನ್ನು ಹುಡುಕಿ ಕೊಲ್ಲಲು ಫಿರಂಗಿಗಳು ಬೆಳೆದವು. ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಸೊಮ್ ಕದನವನ್ನೇ ನೋಡಬಹುದು. ಬ್ರಿಟಿಷರು ಏಳು ದಿನ ಹಗಲಿರುಳು 15 ಲಕ್ಷಕ್ಕೂ ಹೆಚ್ಚು ಶೆಲ್ ಸುರಿದರು. ಮುಳ್ಳುತಂತಿ ತುಂಡಾಗುತ್ತದೆ, ಕಂದಕಗಳಲ್ಲಿ ಜೀವ ಉಳಿಯುವುದಿಲ್ಲ ಎಂಬ ನಂಬಿಕೆಯಿತ್ತು. ಆ ಶೆಲ್ಲುಗಳಲ್ಲಿ ಬಹಳಷ್ಟು ಸಿಡಿಯಲೇ ಇಲ್ಲ, ಸಿಡಿದವುಗಳಲ್ಲಿ ಹೆಚ್ಚಿನವು ಆಳದ ಅಡಗುತಾಣಗಳನ್ನು ಭೇದಿಸುವಂಥವಲ್ಲ. ಸುಣ್ಣಕಲ್ಲಿನ ನೆಲದಲ್ಲಿ ಹತ್ತಾರು ಅಡಿ ಕೆಳಗೆ ಜರ್ಮನರು ಕೋವಿಗಳೊಂದಿಗೆ ಕಾದು ಕುಳಿತಿದ್ದರು. ಜುಲೈ 1ರ ಬೆಳಿಗ್ಗೆ 7.30ಕ್ಕೆ ಫಿರಂಗಿಯ ದಾಳಿ ಮುಂದಿನ ಸಾಲಿಗೆ ಸರಿದಾಗ ಇದ್ದ ಪ್ರಶ್ನೆ ಒಂದೇ: ಬ್ರಿಟಿಷ್ ಸೈನಿಕ ಬಯಲು ದಾಟಿ ಮೊದಲು ತಲುಪುತ್ತಾನೋ, ಜರ್ಮನ್ ಸೈನಿಕ ಮೆಟ್ಟಿಲು ಹತ್ತಿ ಮೊದಲು ತಲುಪುತ್ತಾನೋ. ಬಹುತೇಕ ಕಡೆಗಳಲ್ಲಿ ಮೆಟ್ಟಿಲು ಹತ್ತಿದವನು ಗೆದ್ದ. ಬೋಮೋನ್ ಆಮೆಲ್ ಎಂಬಲ್ಲಿ ನ್ಯೂಫೌಂಡ್‌ಲೆಂಡ್ ದಳದ ಸುಮಾರು 800 ಮಂದಿ, ಮುಂದಿನ ಕಂದಕಗಳು ಗಾಯಾಳುಗಳಿಂದ ತುಂಬಿಹೋಗಿದ್ದ ಕಾರಣ, ಹಿಂದಿನ ಸಾಲಿನಿಂದಲೇ ಬಯಲಿಗೆ ಹತ್ತಿ ನಡೆದರು. ತಮ್ಮದೇ ಮುಳ್ಳುತಂತಿಯಲ್ಲಿ ಬಿಟ್ಟಿದ್ದ ಕಿರುದಾರಿಗಳ ಮೇಲೆ ಜರ್ಮನ್ ಕೋವಿಗಳು ಮೊದಲೇ ಗುರಿ ನೆಟ್ಟಿದ್ದವು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಮರುದಿನ ಹಾಜರಿ ಕರೆದಾಗ ಓಗೊಟ್ಟವರು 68 ಮಂದಿ.

ಆ ದಿನ ಬ್ರಿಟಿಷರಲ್ಲಿ ಸತ್ತವರ ಸಂಖ್ಯೆ 19,240. ಕದನ ನವೆಂಬರ್ 18ರವರೆಗೆ ಎಳೆಯಿತು. ಅದಾದ ಆರು ದಿನಗಳಿಗೆ, 1916ರ ನವೆಂಬರ್ 24ರಂದು, ಹೈರಮ್ ಮ್ಯಾಕ್ಸಿಮ್ ಲಂಡನ್ನಿನಲ್ಲಿ ತೀರಿಕೊಂಡರು. ಬ್ರಿಟನ್ನಿನ ನಾಗರಿಕರೂ ಸರ್ ಪದವೀಧರರೂ ಆಗಿದ್ದ ಅವರ ಕೋವಿಯ ಜರ್ಮನ್ ಮಾದರಿಯೇ ಬ್ರಿಟಿಷ್ ಯುವಕರನ್ನು ಬೀಳಿಸುತ್ತಿತ್ತು. ತಯಾರಿಕೆಯ ಹಕ್ಕನ್ನು ಕೊಳ್ಳಲು ಬಂದವರಿಗೆಲ್ಲ ಕೊಡುವುದು ಆ ಕಾಲದ ಆಯುಧ ವ್ಯಾಪಾರದ ರೀತಿಯಾಗಿತ್ತು.

ಪ್ರಶ್ನೆ: ಓಮ್ದುರ್ಮಾನಿನಲ್ಲಿ ಕಣ್ಣಾರೆ ಕಂಡಿದ್ದರೂ ಸೇನಾಪತಿಗಳು ಪಾಠ ಕಲಿಯಲಿಲ್ಲವೇ? ಜರ್ಮನರು ಮಾತ್ರ ಮುಂಚಿತವಾಗಿ ಅರಿತಿದ್ದರೇ?

ಉತ್ತರ: ಪಾಠ ಕಲಿಯಲಿಲ್ಲವೆಂಬುದಕ್ಕಿಂತ, ತಮಗೆ ಬೇಕಾದ ಪಾಠವನ್ನು ಕಲಿತರೆಂಬುದು ಹೆಚ್ಚು ನಿಜ. ವಸಾಹತುಗಳಲ್ಲಿ ಕಂಡದ್ದನ್ನು ಅವರು ಕೋವಿಯ ಗುಣವೆಂದು ನೋಡದೆ ಎದುರಾಳಿಯ ದೋಷವೆಂದು ನೋಡಿದರು. ಶಿಸ್ತಿನ ಯೂರೋಪಿಯನ್ ಸೈನಿಕ ಹಾಗೆ ಸಾಯುವವನಲ್ಲ ಎಂದುಕೊಂಡರು. 1904 ಮತ್ತು 1905ರ ರಷ್ಯ ಜಪಾನ್ ಯುದ್ಧದಲ್ಲಿ ಎರಡೂ ಕಡೆ ಮಷಿನ್‌ಗನ್, ಕಂದಕ, ಮುಳ್ಳುತಂತಿ ಎಲ್ಲವೂ ಇದ್ದವು, ಮತ್ತು ಯೂರೋಪಿನ ಸೇನಾ ವೀಕ್ಷಕರು ಹತ್ತಿರದಿಂದಲೇ ನೋಡಿದರು. ನಾನ್‌ಶಾನ್ ಗುಡ್ಡದ ಮೇಲೂ ಪೋರ್ಟ್ ಆರ್ಥರ್ ಕೋಟೆಯ ಮುಂದೂ ಜಪಾನಿ ಪದಾತಿಗಳು ಸಾಲುಸಾಲಾಗಿ ಬಿದ್ದರು, ಆದರೂ ಕೊನೆಗೆ ಗೆದ್ದರು. ವೀಕ್ಷಕರಲ್ಲಿ ಬಹಳ ಮಂದಿ ಊರಿಗೆ ಹೊತ್ತುಕೊಂಡು ಹೋದದ್ದು ಈ ಕೊನೆಯ ಮಾತನ್ನೇ: ಸಾಯಲು ಸಿದ್ಧವಿರುವ ಸೈನಿಕನನ್ನು ಯಾವ ಕೋವಿಯೂ ತಡೆಯಲಾರದು. ಹತ್ತು ವರ್ಷಗಳ ಬಳಿಕ ಇದಕ್ಕೆ ತೆತ್ತ ಬೆಲೆಯನ್ನು ನೆನೆದಾಗ ಮನಸ್ಸು ಕಹಿಯಾಗುತ್ತದೆ.

ಸರಿಯಾಗಿ ಕಂಡವರಲ್ಲಿ ಒಬ್ಬರು ಸೈನಿಕರೇ ಅಲ್ಲ. ವಾರ್ಸಾದ ಬ್ಯಾಂಕರ್ ಯಾನ್ ಬ್ಲೊಖ್, 1898ರಲ್ಲಿಯೇ, ಅಂಕಿಅಂಶಗಳನ್ನು ಮುಂದಿಟ್ಟುಕೊಂಡು, ಮುಂದಿನ ಯುದ್ಧದಲ್ಲಿ ಎಲ್ಲರೂ ನೆಲ ತೋಡಿ ಕೂರುತ್ತಾರೆ, ಸೈನಿಕನಿಗೆ ಬಂದೂಕಿನಷ್ಟೇ ಗುದ್ದಲಿಯೂ ಬೇಕಾಗುತ್ತದೆ, ಯುದ್ಧ ವರ್ಷಗಟ್ಟಲೆ ಎಳೆಯುತ್ತದೆ ಎಂದು ವಾದಿಸಿದ್ದರು.

ಜರ್ಮನರ ಬಳಿ ಮಾತ್ರ ಕೋವಿಗಳು ಹೇರಳವಾಗಿದ್ದವೆಂಬುದು ಪೂರ್ತಿ ನಿಜವಲ್ಲ. 1914ರಲ್ಲಿ ಬ್ರಿಟಿಷರ ಒಂದು ಬೆಟಾಲಿಯನ್ನಿಗೆ ಎರಡು ಕೋವಿಗಳಿದ್ದವು. ಮೂರು ಬೆಟಾಲಿಯನ್ನುಗಳ ಒಂದು ಜರ್ಮನ್ ರೆಜಿಮೆಂಟಿಗೆ ಆರು. ಪ್ರಮಾಣ ಒಂದೇ. ವ್ಯತ್ಯಾಸವಿದ್ದುದು ಬಳಕೆಯಲ್ಲಿ: ಜರ್ಮನರು ಆರನ್ನೂ ಒಂದು ತುಕಡಿಯಾಗಿ ಕಟ್ಟಿ, ಬೇಕಾದ ಜಾಗದಲ್ಲಿ ಒಟ್ಟಾಗಿ ನಿಲ್ಲಿಸುತ್ತಿದ್ದರು. ಬ್ರಿಟಿಷರು ಮಷಿನ್‌ಗನ್ನಿಗೆಂದೇ ಪ್ರತ್ಯೇಕ ದಳ ಕಟ್ಟಿದ್ದು 1915ರ ಅಕ್ಟೋಬರಿನಲ್ಲಿ. ಅದರಲ್ಲಿ ಸೇವೆ ಸಲ್ಲಿಸಿದ ಸುಮಾರು 1,70,500 ಮಂದಿಯಲ್ಲಿ 62,049 ಮಂದಿ ಸಾವುನೋವಿಗೆ ಈಡಾದರು. ಎರಡೂ ಕಡೆಯ ಫಿರಂಗಿಗಳು ಮೊದಲು ಹುಡುಕುತ್ತಿದ್ದುದು ಮಷಿನ್‌ಗನ್ನನ್ನೇ ಆದುದರಿಂದ ಸೈನಿಕರು ಆ ದಳವನ್ನು ಆತ್ಮಹತ್ಯೆಯವರ ಕೂಟವೆಂದು ಕರೆಯುತ್ತಿದ್ದರು.

ಪ್ರಶ್ನೆ: ಕೋವಿಯನ್ನು ಎಡದಿಂದ ಬಲಕ್ಕೆ ಬೀಸುತ್ತ ಎದುರಿನವರನ್ನು ಉರುಳಿಸುವುದನ್ನು ಸಿನಿಮಾಗಳಲ್ಲಿ ನೋಡುತ್ತೇವೆ. ನಿಜವಾಗಿಯೂ ಹೀಗೆಯೇ ಬಳಸುತ್ತಿದ್ದರೇ?

ಉತ್ತರ: ತರಬೇತಿ ಪಡೆದ ತುಕಡಿ ಸಾಧ್ಯವಾದಷ್ಟೂ ಹಾಗೆ ಮಾಡುತ್ತಿರಲಿಲ್ಲ. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಮಷಿನ್‌ಗನ್ನಿನ ಭೀಕರತೆ ಅದರ ವೇಗದಲ್ಲಿ ಎಷ್ಟಿದೆಯೋ ಅದನ್ನು ಇಡುವ ಜಾಗದಲ್ಲಿಯೂ ಅಷ್ಟೇ ಇದೆ.

ಗಟ್ಟಿಯಾಗಿ ನೆಟ್ಟ ಮುಕ್ಕಾಲಿಯ ಮೇಲಿದ್ದರೂ ಕೋವಿ ಸ್ವಲ್ಪ ಅದುರುತ್ತದೆ. ಆದ್ದರಿಂದ ಒಂದೇ ಗುರಿಗೆ ಹಾರಿಸಿದ ಗುಂಡುಗಳು ಒಂದೇ ಬಿಂದುವಿಗೆ ಬೀಳದೆ ಶಂಕುವಿನಂತೆ ಹರಡಿಕೊಂಡು ಹೋಗಿ, ನೆಲಕ್ಕೆ ತಗಲುವಾಗ ಉದ್ದವಾದ, ಅಗಲ ಕಿರಿದಾದ ಒಂದು ಪಟ್ಟೆಯಲ್ಲಿ ಬೀಳುತ್ತವೆ. ಈ ಪಟ್ಟೆ ಕೋವಿ ನೋಡುತ್ತಿರುವ ದಿಕ್ಕಿನಲ್ಲಿ ಚಾಚಿಕೊಂಡಿರುತ್ತದೆ. ದಾಳಿಗೆ ಬರುವ ಸೈನಿಕರ ಸಾಲು ಇದಕ್ಕೆ ವಿರುದ್ಧ: ಅಗಲವಾಗಿ ಹರಡಿರುತ್ತದೆ, ಆಳ ಬಹಳ ಕಡಿಮೆ. ನೇರ ಎದುರಿನಿಂದ ಹಾರಿಸಿದರೆ ಪಟ್ಟೆ ಸಾಲನ್ನು ಅಡ್ಡವಾಗಿ ದಾಟಿಹೋಗಿ, ಹೆಚ್ಚಿನ ಗುಂಡುಗಳು ಸಾಲಿನ ಮುಂದೆ ಅಥವಾ ಹಿಂದೆ ವ್ಯರ್ಥವಾಗುತ್ತವೆ. ಅದೇ ಕೋವಿಯನ್ನು ಪಕ್ಕಕ್ಕೆ ಒಯ್ದಿಟ್ಟರೆ ಪಟ್ಟೆಯೂ ಸಾಲೂ ಒಂದರ ಮೇಲೊಂದು ಹೊಂದಿಕೊಳ್ಳುತ್ತವೆ, ಮತ್ತು ಒಬ್ಬನಿಗೆ ತಾಗದ ಗುಂಡು ಅವನ ಪಕ್ಕದವನಿಗೆ ತಾಗುತ್ತದೆ. ಹೀಗಾಗಿ ಅನುಭವಿಗಳು ಕೋವಿಗಳನ್ನು ಪಕ್ಕಗಳಲ್ಲಿ ಅಡಗಿಸಿ, ತಮ್ಮ ಎದುರಿನವರನ್ನು ಬಿಟ್ಟು ನೆರೆಯ ತುಕಡಿಯ ಎದುರಿಗೆ ಬರುವವರನ್ನು ಕಾಯುವಂತೆ, ಎರಡು ಕೋವಿಗಳ ಗುಂಡಿನ ದಾರಿಗಳು ಒಂದನ್ನೊಂದು ಕತ್ತರಿಸುವಂತೆ ಇಡುತ್ತಿದ್ದರು. ಸಮತಟ್ಟಾದ ನೆಲದಲ್ಲಿ ಕೆಲವು ನೂರು ಮೀಟರುಗಳವರೆಗೆ ಗುಂಡು ಆಳೆತ್ತರವನ್ನು ಮೀರದೆ ಹೋಗುವುದರಿಂದ ಆ ದಾರಿಯಲ್ಲಿ ಎಲ್ಲಿ ಎದ್ದು ನಿಂತರೂ ಅಪಾಯವೇ. ಮುಳ್ಳುತಂತಿಯನ್ನು ಓರೆಯಾಗಿ ಹಾಯಿಸಿ, ನುಗ್ಗುವವರು ತಾವಾಗಿಯೇ ಆ ದಾರಿಗೆ ಬಂದು ಸೇರುವಂತೆ ಮಾಡುತ್ತಿದ್ದರು.

ಇದಕ್ಕೆ ಬೀಸಾಟ ಬೇಕಿಲ್ಲ, ಗುರಿ ನೋಡುವುದೂ ಬೇಕಿಲ್ಲ. ಹಗಲಿನಲ್ಲಿ ಕೋನವನ್ನು ಗೊತ್ತುಮಾಡಿ ಕೋವಿಯನ್ನು ಬಿಗಿದಿಟ್ಟರೆ ಕತ್ತಲೆಯಲ್ಲಿಯೂ ಮಂಜಿನಲ್ಲಿಯೂ ಸದ್ದು ಕೇಳಿದೊಡನೆ ಟ್ರಿಗರ್ ಒತ್ತಿದರೆ ಸಾಕು. ಗುರಿಕಾರನ ಕೌಶಲ, ಧೈರ್ಯ ಎಂದು ಹಿಂದಿನವರು ಯಾವುದನ್ನು ಹೊಗಳುತ್ತಿದ್ದರೋ ಅದರ ಜಾಗಕ್ಕೆ ಅಳತೆ, ಕೋನ, ವೇಳಾಪಟ್ಟಿಗಳು ಬಂದವು. ಯಾರನ್ನು ಕೊಂದೆನೆಂಬುದು ಕೊಂದವನಿಗೇ ತಿಳಿಯದ ಸ್ಥಿತಿ ಪದಾತಿ ಸೈನಿಕನಿಗೆ ಬಂದದ್ದು ಇಲ್ಲಿಂದ.

ಪ್ರಶ್ನೆ: ಕೊನೆಗೆ ಮಷಿನ್‌ಗನ್ನಿಗೆ ಪರಿಹಾರ ಸಿಕ್ಕಿತೇ? ಟ್ಯಾಂಕ್ ಬಂದದ್ದು ಇದೇ ಕಾರಣಕ್ಕೆ ಎನ್ನುತ್ತಾರೆ.

ಉತ್ತರ: ಹೌದು, ಗುಂಡು ತಾಗದ ಕವಚದೊಳಗೆ ಕೂತು ಮುಳ್ಳುತಂತಿಯನ್ನು ತುಳಿದು ಹೋಗಬೇಕೆಂಬುದೇ ಟ್ಯಾಂಕಿನ ಮೂಲ ಉದ್ದೇಶ. ಅದು ಮೊದಲು ಕದನಕ್ಕೆ ಇಳಿದದ್ದೂ ಸೊಮ್‌ನಲ್ಲಿಯೇ, 1916ರ ಸೆಪ್ಟೆಂಬರ್ 15ರಂದು. ಆದರೆ ಅದಕ್ಕಿಂತ ಹೆಚ್ಚಾಗಿ ಪದಾತಿದಳದ ಸ್ವರೂಪವನ್ನು ಬದಲಿಸಿದ್ದು ಒಬ್ಬನೇ ಹೊತ್ತು ನಡೆಯಬಲ್ಲ ಹಗುರ ಮಷಿನ್‌ಗನ್ ಎಂಬುದು ನನ್ನ ಅಭಿಪ್ರಾಯ. ವಿಕರ್ಸ್ ಕೋವಿ ಮುಕ್ಕಾಲಿ, ನೀರು ಸೇರಿ 40 ಕಿಲೋಗ್ರಾಂ ಹತ್ತಿರ ತೂಗುತ್ತಿತ್ತು; ಅದನ್ನು ಹೊತ್ತು ದಾಳಿ ಮಾಡುವುದು ಕಷ್ಟ. ಅಮೆರಿಕದ ಐಸಾಕ್ ಲೂಯಿಸ್ ರೂಪಿಸಿದ, ತಟ್ಟೆಯಂಥ ಡಬ್ಬಿಯಲ್ಲಿ 47 ತೋಟಾಗಳಿರುವ ಕೋವಿ ಸುಮಾರು 13 ಕಿಲೋಗ್ರಾಂ. ಅದು ಕೈಗೆ ಬಂದ ಮೇಲೆ ಒಂದು ಗುಂಪು ಗುಂಡಿನ ಮಳೆಯಿಂದ ಶತ್ರುವಿನ ತಲೆಯನ್ನು ತಗ್ಗಿಸಿಡುವುದು, ಅಷ್ಟರಲ್ಲಿ ಇನ್ನೊಂದು ಗುಂಪು ಪಕ್ಕದಿಂದ ಮುಂದೆ ಸಾಗುವುದು ಎಂಬ ಕ್ರಮ ಸಾಧ್ಯವಾಯಿತು. ಉದ್ದನೆಯ ಸಾಲಿನಲ್ಲಿ ನಡೆಯುವ ಪದ್ಧತಿ ಅಳಿದು, ಹತ್ತು ಹನ್ನೆರಡು ಮಂದಿಯ ಸಣ್ಣ ತಂಡಗಳೂ ಅವುಗಳಿಗೆ ಸ್ವಂತ ಬುದ್ಧಿಯಿಂದ ನಿರ್ಧಾರ ತೆಗೆದುಕೊಳ್ಳುವ ನಾಯಕರೂ ಬಂದರು. ಇಂದಿನ ಎಲ್ಲ ಸೈನ್ಯಗಳ ಪದಾತಿದಳವೂ 1917ರ ಸುಮಾರಿಗೆ ರೂಪುಗೊಂಡ ಈ ಮಾದರಿಯ ಮುಂದುವರಿಕೆಯೇ.

ಆಕಾಶಕ್ಕೂ ಅದು ಏರಿತು. ವಿಮಾನದ ಮುಂದೆ ತಿರುಗುವ ಪ್ರೊಪೆಲರಿನ ಅಲಗುಗಳ ನಡುವಿನಿಂದಲೇ ಗುಂಡು ಹಾರಿ ಹೋಗುವಂತೆ, ಎಂಜಿನ್ನಿನ ತಿರುಗುವಿಕೆಗೆ ಕೋವಿಯನ್ನು ಹೊಂದಿಸುವ ಏರ್ಪಾಡು 1915ರಲ್ಲಿ ಫೊಕ್ಕರ್ ವಿಮಾನಗಳಲ್ಲಿ ಬಂದೊಡನೆ ಯುದ್ಧವಿಮಾನವೆಂಬ ಪ್ರತ್ಯೇಕ ಜಾತಿಯೇ ಹುಟ್ಟಿತು.

ಪ್ರಶ್ನೆ: ಎರಡನೆಯ ಮಹಾಯುದ್ಧದ ಜರ್ಮನ್ ಮಷಿನ್‌ಗನ್ನುಗಳಿಗೆ ಅಷ್ಟು ಹೆಸರು ಬಂದದ್ದು ಏಕೆ?

ಉತ್ತರ: ವರ್ಸೇಲ್ಸ್ ಒಪ್ಪಂದ ಜರ್ಮನಿಗೆ 792 ಭಾರಿ ಮತ್ತು 1,134 ಹಗುರ ಮಷಿನ್‌ಗನ್ನುಗಳನ್ನು ಮಾತ್ರ ಉಳಿಸಿಕೊಳ್ಳಲು ಅನುಮತಿ ಕೊಟ್ಟಿತ್ತು. ಭಾರಿ ಮತ್ತು ಹಗುರ ಎಂಬ ಈ ಭೇದವನ್ನೇ ಅಳಿಸುವ ಕೋವಿಯನ್ನು ಜರ್ಮನರು ಮುಂದೆ ರೂಪಿಸಿದರು: ಎರಡು ಕಾಲಿನ ಊರೆಯ ಮೇಲಿಟ್ಟರೆ ಹಗುರ, ಮುಕ್ಕಾಲಿಯ ಮೇಲಿಟ್ಟರೆ ಭಾರಿ. ನೀರಿನ ಬದಲು, ಕಾದ ನಳಿಗೆಯನ್ನು ಕೆಲವೇ ಸೆಕೆಂಡುಗಳಲ್ಲಿ ಕಳಚಿ ಬೇರೊಂದನ್ನು ತೊಡಿಸುವ ಏರ್ಪಾಡಿತ್ತು. 1942ರ ಎಂಜಿ 42 ಮಾದರಿ ತಗಡನ್ನು ಅಚ್ಚೊತ್ತಿ ಮಾಡಿದ ಭಾಗಗಳಿಂದ ಅಗ್ಗವಾಗಿ ತಯಾರಾಗಿ, ನಿಮಿಷಕ್ಕೆ 1,200ರಷ್ಟು ಗುಂಡು ಹಾರಿಸುತ್ತಿತ್ತು. ಗುಂಡುಗಳ ಸದ್ದು ಬೇರೆಬೇರೆಯಾಗಿ ಕೇಳದೆ ಬಟ್ಟೆ ಹರಿದಂತೆ ಕೇಳುತ್ತಿತ್ತು. ಬ್ರಿಟಿಷ್ ಮತ್ತು ಅಮೆರಿಕನ್ ತಂಡಗಳಲ್ಲಿ ಕೋವಿ ಬಂದೂಕುಧಾರಿಗಳಿಗೆ ನೆರವಾದರೆ, ಜರ್ಮನ್ ತಂಡದಲ್ಲಿ ಬಂದೂಕುಧಾರಿಗಳು ಕೋವಿಗೆ ತೋಟಾ ಹೊತ್ತು, ಅದನ್ನು ಕಾಯುತ್ತಿದ್ದರು.

ಪ್ರಶ್ನೆ: ಗ್ಯಾಟ್ಲಿಂಗ್, ಮ್ಯಾಕ್ಸಿಮ್ ಕೋವಿಗಳು ಈಗ ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಇವೆಯೇ?

ಉತ್ತರ: ಎರಡೂ ಇನ್ನೂ ಯುದ್ಧದಲ್ಲಿವೆ. ಗ್ಯಾಟ್ಲಿಂಗ್ ತಾವೇ 1890ರ ದಶಕದಲ್ಲಿ ಹಿಡಿಕೆಯ ಬದಲು ವಿದ್ಯುತ್ ಮೋಟಾರು ಜೋಡಿಸಿ ನೋಡಿದ್ದರು; ಆಗ ಅಷ್ಟು ವೇಗ ಯಾರಿಗೂ ಬೇಕಿರಲಿಲ್ಲ. ಜೆಟ್ ವಿಮಾನಗಳು ಬಂದ ಮೇಲೆ, ಎದುರಾಳಿ ಕಣ್ಣಿಗೆ ಬೀಳುವ ಅರೆಗಳಿಗೆಯಲ್ಲಿ ಆದಷ್ಟು ಗುಂಡು ಹಾರಿಸಬೇಕಾದಾಗ, ಅಮೆರಿಕನ್ನರು 1946ರಲ್ಲಿ ಆ ಹಳೆಯ ವಿಚಾರಕ್ಕೇ ಹಿಂದಿರುಗಿದರು. ಅದರಿಂದ ಹುಟ್ಟಿದ ಆರು ನಳಿಗೆಗಳ ವಲ್ಕನ್ ನಿಮಿಷಕ್ಕೆ 6,000 ಗುಂಡು ಹಾರಿಸುತ್ತದೆ.

ಮ್ಯಾಕ್ಸಿಮ್‌ನ ಕಥೆ ಇನ್ನೂ ಸರಳ. ಅದರ ರಷ್ಯನ್ ರೂಪವಾದ 1910ರ ಮಾದರಿ, ಸೋವಿಯತ್ ಕಾಲದ ದಾಸ್ತಾನುಗಳಿಂದ ಹೊರಬಂದು, 2022ರ ನಂತರ ಉಕ್ರೇನಿನಲ್ಲಿ ಮತ್ತೆ ಬಳಕೆಯಾಗುತ್ತಿದೆ. ಹೊತ್ತು ಓಡಾಡುವ ಅಗತ್ಯವಿಲ್ಲದೆ ಒಂದೇ ಕಡೆ ಕೂತು ಬಹಳ ಹೊತ್ತು ಗುಂಡು ಹಾರಿಸಬೇಕಾದ ಕಾವಲು ಕಂದಕದಲ್ಲಿ ನೀರಿನಿಂದ ತಣಿಯುವ ಕೋವಿಯ ಗುಣ ಇಂದಿಗೂ ಗುಣವೇ. ಕೆಲವು ಕಡೆ ಎರಡೆರಡನ್ನು ಒಟ್ಟಿಗೆ ಕಟ್ಟಿ, ಹೊಸ ಗುರಿದರ್ಶಕ ಜೋಡಿಸಿ, ಡ್ರೋನುಗಳನ್ನು ಬೀಳಿಸಲು ಆಕಾಶದ ಕಡೆಗೆ ತಿರುಗಿಸಿ ನಿಲ್ಲಿಸಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಯಾರಾದ ಕೋವಿಗಳನ್ನು ಅವುಗಳ ನೀರಿನ ಕೊಳವೆಯ ಮೇಲಿನ ಅಗಲವಾದ ಮುಚ್ಚಳದಿಂದ ಗುರುತಿಸಬಹುದು. ಚಳಿಗಾಲದಲ್ಲಿ ನೀರು ಸಿಗದಿದ್ದರೆ ಹಿಮವನ್ನು ಕೈಯಿಂದ ತುಂಬಲು ಅನುಕೂಲವಾಗಲೆಂದು ಅದನ್ನು ಹಾಗೆ ಮಾಡಲಾಗಿತ್ತು.